ಗುರುವೂ ಅರಿಯದ ಉತ್ತರ

ಶಾಸ್ತ್ರಾಧ್ಯಯನದ ಹಳೆಯ ಕ್ರಮದಲ್ಲಿ ಗುರುವಿಗೆ ಗ್ರಂಥವು ಕಂಠಗತವಾಗಿರುತ್ತಿತ್ತು. ಮೂಲಪಾಠವನ್ನು ಹೇಳಿಕೊಟ್ಟು, ಪದಚ್ಛೇದ ಮಾಡಿ, ಅನ್ವಯವನ್ನು ತಿಳಿಸಿ, ವ್ಯಾಖ್ಯಾನದ ನೆರವಿನಿಂದ ಅರ್ಥವನ್ನು ವಿಶದಪಡಿಸಿ, ಶಿಷ್ಯನು ತಪ್ಪಿದೆಡೆಯಲ್ಲಿ ತಿದ್ದಿ, ತಾನು ಅರಿತುದೆಲ್ಲವನ್ನೂ ಅವನಿಗೆ ಒಪ್ಪಿಸುವುದು ಗುರುವಿನ ಧರ್ಮವೆನಿಸಿತ್ತು. ಶಿಷ್ಯನು ಎಷ್ಟೇ ತೊಳಲಿದರೂ ಅವನಿಗೊಂದು ಭರವಸೆಯಿತ್ತು: ತನಗೆ ತಿಳಿಯದ ಉತ್ತರವು ಎದುರಿಗೆ ಕುಳಿತಿರುವ ಗುರುವಿಗೆ ತಿಳಿದಿದೆ, ಇಂದಲ್ಲದಿದ್ದರೆ ನಾಳೆ ಅದು ತನಗೂ ದೊರೆಯುವುದು. ಆಧುನಿಕ ವಿಶ್ವವಿದ್ಯಾನಿಲಯಗಳ ಗಣಿತ ವಿಭಾಗದಲ್ಲಿ ಡಾಕ್ಟರೇಟ್ ಪದವಿಗಾಗಿ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗೆ ಈ ಭರವಸೆಯಿಲ್ಲ. ಮಾರ್ಗದರ್ಶಕರು ಅವನ ಕೈಗೆ ಕೊಡುವುದು ತಮಗೂ ಉತ್ತರ ತಿಳಿಯದ ಪ್ರಶ್ನೆಯನ್ನು. ಅದಕ್ಕೆ ಉತ್ತರವುಂಟೆ, ಉಂಟಾದರೂ ಮೂರು ನಾಲ್ಕು ವರ್ಷಗಳ ಅವಧಿಯಲ್ಲಿ ಅದು ಒಬ್ಬ ತರುಣನ ಕೈಗೆ ಎಟುಕುವುದೆ ಎಂಬುದನ್ನು ಯಾರೂ ಮುಂದಾಗಿ ಹೇಳಲಾರರು. ವಿದ್ಯೆಯ ಇತಿಹಾಸದಲ್ಲಿ ಇದು ಒಂದು ವಿಲಕ್ಷಣವಾದ ಗುರುಶಿಷ್ಯ ಸಂಬಂಧವೇ ಸರಿ.

ಈ ಹಾದಿಗೆ ಬರುವವನು ಸಾಮಾನ್ಯವಾಗಿ ತನ್ನ ತರಗತಿಯಲ್ಲಿ ಅಗ್ರಗಣ್ಯನೆನಿಸಿದವನು. ಲೆಕ್ಕ ಬಿಡಿಸುವುದರಲ್ಲಿ ಎಳವೆಯಿಂದಲೂ ಸೋಲನ್ನು ಅಷ್ಟಾಗಿ ಕಾಣದವನು. ಆದರೆ ಅದುವರೆಗೆ ಅವನು ಬಿಡಿಸಿದ ಲೆಕ್ಕಗಳೆಲ್ಲವೂ ಬೇರೊಬ್ಬರು ಮೊದಲೇ ಬಿಡಿಸಿಟ್ಟವು. ಪುಸ್ತಕದ ಕೊನೆಯ ಪುಟಗಳಲ್ಲಿ ಅವುಗಳ ಉತ್ತರ ಅಚ್ಚಾಗಿತ್ತು. ಈಗ ಆ ಕೊನೆಯ ಪುಟಗಳೇ ಇಲ್ಲ. ಪ್ರಯೋಗಶಾಲೆಯಿಲ್ಲ, ಉಪಕರಣಗಳಿಲ್ಲ, ಕಾಗದ, ಪೆನ್ಸಿಲು, ಕರಿಹಲಗೆ ಇಷ್ಟೇ ಸಾಮಗ್ರಿ. ವಾರಗಳು ಕಳೆಯುತ್ತವೆ, ತಿಂಗಳುಗಳು ಕಳೆಯುತ್ತವೆ. ರಾತ್ರಿ ಸಿದ್ಧವಾಯಿತೆಂದು ಹಿಗ್ಗಿದ ಉಪಪತ್ತಿಯಲ್ಲಿ ಬೆಳಗಾಗುವಷ್ಟರಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ಬಿರುಕಿಲ್ಲದ ಉಪಪತ್ತಿ ಕಡೆಗೂ ದೊರೆತಾಗ, ಅದೇ ಫಲಿತಾಂಶವನ್ನು ದೂರದೇಶದ ಒಬ್ಬರು ಆಗಲೇ ಪ್ರಕಟಿಸಿರುವ ಸಂಗತಿ ಪತ್ರಿಕೆಯಿಂದ ತಿಳಿದುಬರುವುದೂ ಉಂಟು. ಗ್ರಂಥಸಂಪಾದನೆಯಲ್ಲಿ ತೊಡಗಿದವನ ಬಳಿ ಪಾಠಾಂತರಗಳ ಪಟ್ಟಿಯಾದರೂ ಉಳಿಯುತ್ತದೆ. ಶಾಸನಗಳನ್ನು ಅರಸಿ ಹೋದವನ ಬಳಿ ಅಚ್ಚೊತ್ತಿದ ಪ್ರತಿಗಳಾದರೂ ಇರುತ್ತವೆ. ಗಣಿತದಲ್ಲಿ ತಪ್ಪುದಾರಿಯಲ್ಲಿ ಕಳೆದ ಒಂದು ವರ್ಷಕ್ಕೆ ಹರಿದ ಕಾಗದಗಳ ಹೊರತು ಬೇರೆ ಸಾಕ್ಷಿಯಿರುವುದಿಲ್ಲ. ಮನೆಯವರು ‘ಓದು ಯಾವಾಗ ಮುಗಿಯುವುದು?’ ಎಂದು ಕೇಳುತ್ತಾರೆ. ಆ ಪ್ರಶ್ನೆಗೂ ಅವನಲ್ಲಿ ಉತ್ತರವಿರುವುದಿಲ್ಲ.

ಹಾಗಾದರೆ ಈ ವರ್ಷಗಳಿಂದ ಶಿಷ್ಯನಿಗೆ ದೊರೆಯುವುದೇನು? ಗುರುವು ಅವನಿಗೆ ಕೊಡುವುದೇನು? ಈ ಪ್ರಶ್ನೆಯನ್ನು ವಿಚಾರಿಸುವವರಿಗೆ ಜರ್ಮನಿಯ ಗಣಿತಜ್ಞೆ ಎಮ್ಮಿ ನೋಯ್ತರ್ ಅವರ ಜೀವನಕ್ಕಿಂತ ಮಿಗಿಲಾದ ಉದಾಹರಣೆ ದೊರೆಯುವುದು ಕಷ್ಟ. ಶಿಷ್ಯತ್ವದ ಕಷ್ಟವನ್ನೂ ಗುರುತ್ವದ ಹೊಣೆಯನ್ನೂ ಅವರಷ್ಟು ಪೂರ್ಣವಾಗಿ ಕಂಡವರು ವಿರಳ.

ನೋಯ್ತರ್ ಅವರು ಜನಿಸಿದುದು ೧೮೮೨ರ ಮಾರ್ಚ್ ೨೩ರಂದು, ಬವೇರಿಯಾ ಪ್ರಾಂತದ ಎರ್ಲಾಂಗೆನ್ ಎಂಬ ಊರಿನಲ್ಲಿ. ತಂದೆ ಮ್ಯಾಕ್ಸ್ ನೋಯ್ತರ್ ಅವರು ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕರು. ಮನೆಯಲ್ಲಿಯೇ ಗಣಿತವಿದ್ದರೂ ವಿಶ್ವವಿದ್ಯಾನಿಲಯದ ಬಾಗಿಲು ಮಗಳಿಗೆ ತೆರೆದಿರಲಿಲ್ಲ. ಸ್ತ್ರೀಯರನ್ನು ವಿದ್ಯಾರ್ಥಿಗಳಾಗಿ ಸೇರಿಸಿಕೊಂಡರೆ ವಿದ್ಯಾಲಯದ ವ್ಯವಸ್ಥೆಯೇ ಬುಡಮೇಲಾಗುವುದೆಂದು ಅಲ್ಲಿನ ವಿದ್ವತ್ಸಭೆ ೧೮೯೮ರಲ್ಲಿ ತೀರ್ಮಾನಿಸಿತ್ತು. ೧೯೦೦ರಲ್ಲಿ ನೋಯ್ತರ್ ಅವರು ಫ್ರೆಂಚ್ ಮತ್ತು ಇಂಗ್ಲಿಷ್ ಭಾಷೆಗಳ ಉಪಾಧ್ಯಾಯಿನಿಯಾಗುವ ಪರೀಕ್ಷೆಯಲ್ಲಿ ಉತ್ತಮವಾಗಿ ತೇರ್ಗಡೆಯಾದರು. ನಿಶ್ಚಿತವಾದ ಜೀವನೋಪಾಯವೊಂದು ಕೈಗೆ ಬಂದಿತ್ತು. ಅವರು ಅದನ್ನು ಬಿಟ್ಟು, ಒಬ್ಬೊಬ್ಬ ಪ್ರಾಧ್ಯಾಪಕರ ಅನುಮತಿಯನ್ನು ಬೇಡಿ, ಪಾಠಗಳನ್ನು ಕೇಳಲು ಮಾತ್ರ ಹಕ್ಕುಳ್ಳ ಶ್ರೋತೃವಾಗಿ ಎರ್ಲಾಂಗೆನ್‌ನ ತರಗತಿಗಳಲ್ಲಿ ಕುಳಿತರು. ೯೮೬ ವಿದ್ಯಾರ್ಥಿಗಳ ನಡುವೆ ಸ್ತ್ರೀಯರು ಇಬ್ಬರೇ ಇದ್ದರು. ೧೯೦೩ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಪ್ರವೇಶಾರ್ಹತೆಯ ಪರೀಕ್ಷೆ ಮುಗಿಸಿ, ಒಂದು ಚಳಿಗಾಲದ ಅವಧಿ ಗೊಟ್ಟಿಂಗೆನ್‌ನಲ್ಲಿ ಹಿಲ್ಬರ್ಟ್, ಕ್ಲೈನ್, ಮಿಂಕೋವ್‌ಸ್ಕಿ ಮೊದಲಾದವರ ಪಾಠಗಳನ್ನು ಕೇಳಿದರು. ೧೯೦೪ರಲ್ಲಿ ಎರ್ಲಾಂಗೆನ್ ತನ್ನ ನಿಯಮವನ್ನು ಸಡಿಲಿಸಿದಾಗ ತವರೂರಿಗೆ ಮರಳಿ ವಿಧ್ಯುಕ್ತವಾಗಿ ಹೆಸರು ನೋಂದಾಯಿಸಿದರು.

ಅವರಿಗೆ ಮಾರ್ಗದರ್ಶಕರಾಗಿ ಒದಗಿದವರು ತಂದೆಯ ಸಹೋದ್ಯೋಗಿಯೂ ಮಿತ್ರರೂ ಆಗಿದ್ದ ಪಾಲ್ ಗೋರ್ಡಾನ್. ಜರ್ಮನ್ ಭಾಷೆಯಲ್ಲಿ ಇಂಥ ಮಾರ್ಗದರ್ಶಕನನ್ನು ‘ಡಾಕ್ಟರ್‌ಫಾಟರ್’ ಎನ್ನುವರು. ಡಾಕ್ಟರ್ ಪದವಿಯ ತಂದೆ ಎಂದು ಅದರ ಅರ್ಥ. ಗೋರ್ಡಾನ್ ಅವರ ಜೀವಮಾನದ ವಿಷಯ ಅವಿಕಾರಿ ರೂಪಗಳ ಸಿದ್ಧಾಂತ. ಬೀಜಗಣಿತದ ಒಂದು ಉಕ್ತಿಯಲ್ಲಿರುವ ಚಲಾಕ್ಷರಗಳನ್ನು ಒಂದು ನಿಯಮಕ್ಕನುಸಾರವಾಗಿ ಬದಲಿಸಿದರೆ ಆ ಉಕ್ತಿಯ ಹೊರರೂಪವು ಮಾರ್ಪಡುತ್ತದೆ. ಆದರೆ ಅದರ ಗುಣಕಗಳಿಂದ ಕಟ್ಟಿದ ಕೆಲವು ಉಕ್ತಿಗಳು ಈ ಬದಲಾವಣೆಗೆ ಸಿಲುಕದೆ ನಿಲ್ಲುತ್ತವೆ. ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ, ವಿಭಕ್ತಿಪ್ರತ್ಯಯಗಳು ಎಷ್ಟು ಬದಲಾದರೂ ಪ್ರಕೃತಿಯು ಉಳಿಯುವಂತೆ. ಹೀಗೆ ಉಳಿಯುವವುಗಳನ್ನು ಕಂಡುಹಿಡಿದು, ಇನ್ನುಳಿದವೆಲ್ಲವೂ ಅವುಗಳಿಂದಲೇ ನಿಷ್ಪನ್ನವಾಗುವುವೆಂದು ತೋರುವ ಪೂರ್ಣವಾದ ಪಟ್ಟಿಯನ್ನು ಸಿದ್ಧಪಡಿಸುವುದು ಗೋರ್ಡಾನ್ ಅವರ ಮಾರ್ಗ. ಅದು ಸೂತ್ರಗಳ ಮೇಲೆ ಸೂತ್ರಗಳನ್ನು ಬರೆಯುತ್ತ ಸಾಗುವ ಗಣನೆಯ ಮಾರ್ಗ.

ಆ ವೇಳೆಗಾಗಲೇ ಈ ಮಾರ್ಗಕ್ಕೆ ಪ್ರತಿಸ್ಪರ್ಧಿಯೊಂದು ಹುಟ್ಟಿತ್ತು. ಇಂಥ ಪಟ್ಟಿಗಳು ಸಾಂತವೇ, ಅಂದರೆ ಮುಗಿಯುವಂಥವೇ, ಎಂಬುದನ್ನು ಪಟ್ಟಿಯನ್ನು ಬರೆಯದೆಯೇ ಸಾಧಿಸಬಹುದೆಂದು ಹಿಲ್ಬರ್ಟ್ ೧೮೮೮ರಲ್ಲಿ ತೋರಿಸಿದ್ದರು. ‘ಇದು ಗಣಿತವಲ್ಲ, ದೇವತಾಶಾಸ್ತ್ರ’ ಎಂದು ಗೋರ್ಡಾನ್ ಉದ್ಗರಿಸಿದರೆಂಬ ಮಾತು ಗಣಿತಜ್ಞರಲ್ಲಿ ಇಂದಿಗೂ ಪ್ರಚಲಿತವಾಗಿದೆ. ಶಿಷ್ಯೆಯು ಗುರುವಿನ ಮಾರ್ಗವನ್ನೇ ಹಿಡಿದರು. ಮೂರು ಚಲಾಕ್ಷರಗಳುಳ್ಳ ನಾಲ್ಕನೆಯ ಘಾತದ ರೂಪಗಳನ್ನು ತೆಗೆದುಕೊಂಡು, ೩೩೧ ಅವಿಕಾರಿ ರೂಪಗಳ ಪಟ್ಟಿಯನ್ನು ಗಣಿಸಿ ಬರೆದರು. ೧೯೦೭ರ ಡಿಸೆಂಬರಿನಲ್ಲಿ ನಡೆದ ಮೌಖಿಕ ಪರೀಕ್ಷೆಯಲ್ಲಿ ಅವರಿಗೆ ಅತ್ಯುನ್ನತ ಶ್ರೇಣಿ ಲಭಿಸಿತು.

ಮುಂದೆ ಜಗತ್ಪ್ರಸಿದ್ಧರಾದ ಮೇಲೆ ಈ ಮಹಾಪ್ರಬಂಧವನ್ನು ನೋಯ್ತರ್ ಅವರೇ ‘ಕಸ’ ಎಂದು ತಳ್ಳಿಹಾಕಿದರು. ವರ್ಷಗಟ್ಟಲೆ ಶ್ರಮಿಸಿ ಬರೆದುದನ್ನು ಬರೆದವರೇ ಹೀಗೆನ್ನುವುದು ಕೇಳುವವರಿಗೆ ಕಠೋರವಾಗಿ ತೋರಬಹುದು. ಆದರೆ ಈ ಮಾತಿನ ಹಿಂದೆ ವಿನಯದ ಸೋಗಾಗಲಿ ಗುರುನಿಂದೆಯಾಗಲಿ ಇರಲಿಲ್ಲ. ೧೯೧೧ರಲ್ಲಿ ಗೋರ್ಡಾನ್ ಅವರ ಸ್ಥಾನಕ್ಕೆ ಎರ್ನ್ಸ್ಟ್ ಫಿಷರ್ ಎಂಬ ಪ್ರಾಧ್ಯಾಪಕರು ಬಂದರು. ಅವರೊಡನೆ ನಡೆದ ಗಣಿತಚರ್ಚೆಗಳು, ಒಂದೇ ಊರಿನಲ್ಲಿದ್ದರೂ ಒಬ್ಬರಿಗೊಬ್ಬರು ಬರೆದ ಅಂಚೆಕಾರ್ಡುಗಳು, ನೋಯ್ತರ್ ಅವರನ್ನು ಹಿಲ್ಬರ್ಟರ ಮಾರ್ಗದತ್ತ ತಿರುಗಿಸಿದವು. ಪದವಿಯನ್ನು ಕೊಟ್ಟ ಮಾರ್ಗ ಒಂದಾಯಿತು, ಜೀವನವನ್ನು ತುಂಬಿದ ಮಾರ್ಗ ಇನ್ನೊಂದಾಯಿತು. ಗಣಿತದಲ್ಲಿ ಡಾಕ್ಟರೇಟ್ ಪಡೆದ ಅನೇಕರ ಅನುಭವವು ಇದೇ. ಮಹಾಪ್ರಬಂಧವು ಗ್ರಂಥಾಲಯದ ಅಟ್ಟವನ್ನು ಸೇರುತ್ತದೆ. ತಿಳಿಯದುದರ ಮುಂದೆ ಧೃತಿಗೆಡದೆ ಕುಳಿತಿರುವ ಅಭ್ಯಾಸವು ಮಾತ್ರ ಬರೆದವರೊಡನೆ ಉಳಿಯುತ್ತದೆ.

ಆ ಅಭ್ಯಾಸವು ಅವರಿಗೆ ಬೇಕಾಗಿಯೂ ಇತ್ತು. ೧೯೦೮ರಿಂದ ೧೯೧೫ರವರೆಗೆ ಅವರು ಎರ್ಲಾಂಗೆನ್‌ನ ಗಣಿತ ಸಂಸ್ಥೆಯಲ್ಲಿ ಯಾವ ವೇತನವೂ ಇಲ್ಲದೆ ದುಡಿದರು. ತಂದೆಯ ಆರೋಗ್ಯ ಕೆಟ್ಟಾಗ ಅವರ ಪಾಠಗಳನ್ನು ತಾವೇ ನಡೆಸಿಕೊಟ್ಟರು. ೧೯೧೫ರಲ್ಲಿ ಹಿಲ್ಬರ್ಟ್ ಮತ್ತು ಕ್ಲೈನ್ ಅವರು ಗೊಟ್ಟಿಂಗೆನ್‌ಗೆ ಬರಮಾಡಿಕೊಂಡರಾದರೂ, ಸ್ತ್ರೀಯೊಬ್ಬಳಿಗೆ ಬೋಧನಾಧಿಕಾರ ಸಲ್ಲದೆಂಬ ವಿರೋಧದಿಂದಾಗಿ ಅವರ ಪಾಠಗಳನ್ನು ಹಿಲ್ಬರ್ಟರ ಹೆಸರಿನಲ್ಲಿ ಪ್ರಕಟಿಸಬೇಕಾಯಿತು. ಭೌತಶಾಸ್ತ್ರಜ್ಞರು ಇಂದಿಗೂ ಆದರದಿಂದ ಸ್ಮರಿಸುವ ‘ನೋಯ್ತರ್ ಪ್ರಮೇಯ’ ೧೯೧೮ರಲ್ಲಿ ಪ್ರಕಟವಾದಾಗ ಅವರಿಗೆ ಸ್ವಂತ ಹೆಸರಿನಲ್ಲಿ ಪಾಠ ಹೇಳುವ ಅಧಿಕಾರವೂ ಇರಲಿಲ್ಲ. ಅದು ದೊರೆತುದು ೧೯೧೯ರಲ್ಲಿ. ಅಲ್ಪವಾದರೂ ಕ್ರಮವಾದ ಸಂಭಾವನೆ ದೊರೆತುದು ೧೯೨೩ರಲ್ಲಿ. ಡಾಕ್ಟರೇಟ್ ಪಡೆದ ಹದಿನಾರನೆಯ ವರ್ಷವದು. ಆ ನಡುವಣ ಕಾಲದಲ್ಲಿ ಅವರ ಗಣಿತವನ್ನು ಪೋಷಿಸಿದುದು ಮನೆತನದ ಆಸರೆಯೇ ಹೊರತು ಯಾವ ಸರಕಾರವೂ ಅಲ್ಲ.

ಇಂಥವರು ಗುರುವಾದಾಗ ಶಿಷ್ಯರ ಅನುಭವ ಹೇಗಿದ್ದಿತು? ಸುಖವಾಗಿದ್ದಿತೆಂದು ಹೇಳಲಾಗದು. ಅವರ ಪಾಠಗಳಲ್ಲಿ ಪೂರ್ವಸಿದ್ಧವಾದ ಅಚ್ಚುಕಟ್ಟು ಇರುತ್ತಿರಲಿಲ್ಲ. ತಾವು ಅಂದು ಚಿಂತಿಸುತ್ತಿದ್ದುದನ್ನೇ ಕರಿಹಲಗೆಯ ಮುಂದೆ ನಿಂತು ವೇಗವಾಗಿ ಹೇಳುತ್ತ, ಬರೆಯುತ್ತ, ಅಳಿಸುತ್ತ ಹೋಗುತ್ತಿದ್ದರು. ಹೊಸಬರು ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದರು. ಉಳಿದುಕೊಂಡವರಿಗೆ ಮಾತ್ರ ಗಣಿತವು ಹುಟ್ಟುವ ಪರಿಯನ್ನು ಕಣ್ಣಾರೆ ಕಾಣುವ ಭಾಗ್ಯವಿತ್ತು. ಪಾಠವು ಗಂಟೆ ಬಾರಿಸಿದೊಡನೆ ಮುಗಿಯುತ್ತಿರಲಿಲ್ಲ. ಊರ ಹೊರಗಿನ ಕಾಡುದಾರಿಗಳಲ್ಲಿ ಶಿಷ್ಯರನ್ನು ಕೂಡಿಕೊಂಡು ನಡೆಯುತ್ತ ಅದು ಮುಂದುವರಿಯುತ್ತಿತ್ತು. ಅವರ ಪುಟ್ಟ ಮನೆಯಲ್ಲಿ ಊಟದ ಮೇಜಿನ ಸುತ್ತಲೂ ಮುಂದುವರಿಯುತ್ತಿತ್ತು. ತಮ್ಮ ಆಲೋಚನೆಗಳನ್ನು ಶಿಷ್ಯರಿಗೆ ಧಾರಾಳವಾಗಿ ಕೊಟ್ಟುಬಿಡುತ್ತಿದ್ದರೆಂದೂ, ತಮ್ಮ ಹೆಸರು ಬರಲೇಬೇಕೆಂದು ಹಟ ಹಿಡಿಯುತ್ತಿರಲಿಲ್ಲವೆಂದೂ ಬಲ್ಲವರು ಬರೆದಿದ್ದಾರೆ.

ಗೊಟ್ಟಿಂಗೆನ್‌ನಲ್ಲಿ ಅವರ ಮೊದಲ ಡಾಕ್ಟರೇಟ್ ಶಿಷ್ಯೆ ಗ್ರೇಟೆ ಹೆರ್ಮಾನ್. ನೋಯ್ತರ್ ಅವರು ಆ ವೇಳೆಗೆ ಗಣನೆಯ ಮಾರ್ಗವನ್ನು ಸಂಪೂರ್ಣವಾಗಿ ತೊರೆದು, ಭಾವನೆಗಳ ಮೂಲಕ್ಕೆ ಇಳಿದು ಸಾಧಿಸುವ ಹೊಸ ಬೀಜಗಣಿತವನ್ನು ಕಟ್ಟುತ್ತಿದ್ದರು. ಹೆರ್ಮಾನ್ ಕೈಗೆತ್ತಿಕೊಂಡ ಪ್ರಶ್ನೆಯಾದರೋ ಬೇರೆಯೇ ದಿಕ್ಕಿನದು: ಬಹುಪದಿಗಳ ಸಿದ್ಧಾಂತದಲ್ಲಿ ‘ಉಂಟು’ ಎಂದು ಸಾಧಿಸಿದುದನ್ನು ನಿಜವಾಗಿ ಗಣಿಸಿ ತೆಗೆಯಲು ಎಷ್ಟು ಹೆಜ್ಜೆಗಳು ಬೇಕು? ಆ ಹೆಜ್ಜೆಗಳ ಸಂಖ್ಯೆಗೆ ಮೇರೆಯುಂಟೆ? ಗುರು ‘ಕಸ’ ಎಂದು ಬದಿಗಿಟ್ಟಿದ್ದ ಗಣನೆಯೇ ಶಿಷ್ಯೆಯ ಪ್ರಬಂಧದಲ್ಲಿ ಹೊಸ ವೇಷದಿಂದ ಮರಳಿ ಬಂದಿತು. ಗುರುವು ಅದನ್ನು ತಡೆಯಲಿಲ್ಲ. ೧೯೨೫ರಲ್ಲಿ ಹೆರ್ಮಾನ್ ಪದವಿ ಪಡೆದರು. ೧೯೨೬ರಲ್ಲಿ ಅವರ ಲೇಖನ ‘ಮ್ಯಾಥಮ್ಯಾಟಿಶೆ ಅನ್ನಾಲೆನ್’ ಪತ್ರಿಕೆಯಲ್ಲಿ ಬೆಳಕು ಕಂಡಿತು. ಬಹಳ ಕಾಲ ಯಾರೂ ಅಷ್ಟಾಗಿ ನೋಡದಿದ್ದ ಆ ಲೇಖನವನ್ನು, ಗಣಕಯಂತ್ರಗಳಿಂದ ಬೀಜಗಣಿತವನ್ನು ಮಾಡಿಸುವ ಶಾಸ್ತ್ರದವರು ಇಂದು ತಮ್ಮ ಮೂಲಗ್ರಂಥಗಳಲ್ಲಿ ಒಂದೆಂದು ಗೌರವಿಸುತ್ತಾರೆ.

ಪದವಿ ಪಡೆದ ಹೆರ್ಮಾನ್ ಗಣಿತವನ್ನು ಬಿಟ್ಟು ಲೆಯೊನಾರ್ಡ್ ನೆಲ್ಸನ್ ಎಂಬ ದಾರ್ಶನಿಕರ ಸಹಾಯಕರಾದರು. ನಾಲ್ಕು ವರ್ಷ ಗಣಿತ ಓದಿ ಈಗ ತನ್ನ ಹೃದಯ ದರ್ಶನಶಾಸ್ತ್ರದಲ್ಲಿದೆಯೆಂದು ಕಂಡುಕೊಂಡಳಲ್ಲ ಎಂಬರ್ಥದ ಮಾತನ್ನು ನೋಯ್ತರ್ ಆಡಿದರೆಂದು ಹೇಳುವುದುಂಟು. ಅದರಲ್ಲಿ ತಾಯಿಯೊಬ್ಬಳ ಗೊಣಗಾಟದ ದನಿಯಿದೆ. ಆದರೆ ಹತ್ತು ವರ್ಷಗಳ ಅನಂತರ, ೧೯೩೫ರಲ್ಲಿ, ಕ್ವಾಂಟಂ ಸಿದ್ಧಾಂತದಲ್ಲಿ ಫಾನ್ ನೋಯ್‌ಮನ್ ಎಂಬ ಮಹಾಗಣಿತಜ್ಞರು ಮಾಡಿದ್ದ ವಾದವೊಂದರ ಲೋಪವನ್ನು ಎತ್ತಿ ತೋರಿಸಿದವರು ಇದೇ ಹೆರ್ಮಾನ್. ಉಪಪತ್ತಿಯ ಒಂದೊಂದು ಹೆಜ್ಜೆಯನ್ನೂ ಮುಟ್ಟಿ ನೋಡುವ ಗಣಿತದ ಶಿಕ್ಷಣವು ದರ್ಶನಶಾಸ್ತ್ರದ ಅಂಗಳದಲ್ಲಿಯೂ ವ್ಯರ್ಥವಾಗಲಿಲ್ಲ.

೧೯೩೩ರ ಏಪ್ರಿಲ್‌ನಲ್ಲಿ ಈ ಗುರುಕುಲದ ಮೇಲೆ ಸಿಡಿಲೆರಗಿತು. ಅಧಿಕಾರಕ್ಕೆ ಬಂದ ನಾಜಿ ಸರಕಾರವು ಹೊಸ ಕಾನೂನಿನಂತೆ ಯೆಹೂದಿ ಕುಲದ ಅಧ್ಯಾಪಕರನ್ನು ಕೆಲಸದಿಂದ ತೆಗೆಯಿತು. ನೋಯ್ತರ್ ಅವರೂ ಹೊರಗಾದರು. ಸಂಶೋಧನೆಯ ನಡುವಿನಲ್ಲಿದ್ದ ಶಿಷ್ಯರ ಗತಿಯೇನು? ಪ್ರಶ್ನೆಯನ್ನು ಕೊಟ್ಟವರು ಇಲ್ಲವಾದರೆ ಉತ್ತರವನ್ನು ಅರಸುವವನು ಅರ್ಧದಾರಿಯಲ್ಲಿ ಅನಾಥನಾಗುತ್ತಾನೆ. ಆಟೋ ಶಿಲ್ಲಿಂಗ್ ಎಂಬ ಶಿಷ್ಯರು ಮಾರ್‌ಬುರ್ಗ್‌ಗೆ ಹೋಗಿ ಹಾಸ್ಸೆ ಅವರಲ್ಲಿ ೧೯೩೪ರಲ್ಲಿ ಪ್ರಬಂಧವನ್ನು ಮುಗಿಸಿದರು. ಚೀನಾ ದೇಶದಿಂದ ಬಂದಿದ್ದ ಚಿಯುಂಗ್‌ತ್ಸೆ ತ್ಸೆನ್ ಅವರೂ ಅದೇ ವರ್ಷ ಪದವಿ ಪಡೆದು ಸ್ವದೇಶಕ್ಕೆ ಮರಳಿ, ೧೯೪೦ರಲ್ಲಿ ಅಲ್ಲಿಯೇ ತೀರಿಕೊಂಡರು; ಅವರ ಹೆಸರು ಹೊತ್ತ ಪ್ರಮೇಯ ಇಂದಿಗೂ ಪಾಠದಲ್ಲಿದೆ. ಗೊಟ್ಟಿಂಗೆನ್‌ನಲ್ಲಿ ಇರುವಷ್ಟು ದಿನವೂ ನೋಯ್ತರ್ ತಮ್ಮ ಮನೆಯಲ್ಲಿಯೇ ಶಿಷ್ಯರನ್ನು ಕೂಡಿಸಿಕೊಂಡು ಚರ್ಚೆಗಳನ್ನು ನಡೆಸಿದರು. ಅವರಲ್ಲೊಬ್ಬನು ನಾಜಿ ದಳದ ಸಮವಸ್ತ್ರವನ್ನು ಧರಿಸಿಯೇ ಬಂದನೆಂದೂ, ಅವರು ಅದನ್ನು ಗಮನಿಸಿದಂತೆಯೇ ತೋರದೆ ಪಾಠವನ್ನು ಮುಂದುವರಿಸಿದರೆಂದೂ ಹೇಳುತ್ತಾರೆ. ತನ್ನ ಅನ್ನವನ್ನು ಕಸಿದವರ ಉಡುಪನ್ನು ತೊಟ್ಟು ಬಂದವನಿಗೂ ಬಾಗಿಲನ್ನು ಮುಚ್ಚಲಿಲ್ಲ. ಇದನ್ನು ಔದಾರ್ಯವೆನ್ನಬೇಕೋ, ಗಣಿತದ ಹೊರತು ಬೇರೇನನ್ನೂ ಕಾಣದ ತನ್ಮಯತೆಯೆನ್ನಬೇಕೋ, ಓದುಗರೇ ನಿರ್ಣಯಿಸಬೇಕು.

ಆ ವರ್ಷದ ಶರತ್ಕಾಲದಲ್ಲಿ ಅವರು ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಬ್ರಿನ್ ಮಾರ್ ಎಂಬ ಮಹಿಳಾ ಕಾಲೇಜಿಗೆ ಬಂದರು. ಆಶ್ರಯ ಕಳೆದುಕೊಂಡ ಜರ್ಮನ್ ವಿದ್ವಾಂಸರ ನೆರವಿಗಾಗಿ ಅಮೆರಿಕದಲ್ಲಿ ಏರ್ಪಟ್ಟಿದ್ದ ಸಮಿತಿಯೂ ರಾಕ್‌ಫೆಲರ್ ಪ್ರತಿಷ್ಠಾನವೂ ಕೊಟ್ಟ ಧನದಿಂದ ಅವರ ವೇತನ ಒದಗಿತು. ಗಣಿತ ವಿಭಾಗದ ಮುಖ್ಯಸ್ಥೆ ಆನಾ ಪೆಲ್ ವೀಲರ್ ಅವರು ತಾವೂ ಯೌವನದಲ್ಲಿ ಗೊಟ್ಟಿಂಗೆನ್‌ನಲ್ಲಿ ಸಂಶೋಧನೆ ನಡೆಸಿ, ಪದವಿಯನ್ನು ಮಾತ್ರ ೧೯೧೦ರಲ್ಲಿ ಶಿಕಾಗೋದಲ್ಲಿ ಪಡೆದವರು. ಪರದೇಶದಿಂದ ಬಂದ ವಿದುಷಿಯ ಕಷ್ಟವನ್ನು ಬಲ್ಲವರು. ಇಲ್ಲಿ ನೋಯ್ತರ್ ಅವರ ಸುತ್ತ ಕೆಲವೇ ವಿದ್ಯಾರ್ಥಿನಿಯರ ಒಂದು ಪುಟ್ಟ ವೃಂದ ಕೂಡಿತು. ವಾಕ್ಯ ಇಂಗ್ಲಿಷಿನದು, ಪಾರಿಭಾಷಿಕ ಪದ ಜರ್ಮನ್ನಿನದು. ಹೀಗೆ ಬೆರಕೆಯ ಭಾಷೆಯಲ್ಲಿ ಪಾಠ ಸಾಗಿತು. ನಡೆಯುತ್ತ ಚರ್ಚಿಸುವ ಹಳೆಯ ರೂಢಿ ಇಲ್ಲಿಯೂ ಮುಂದುವರಿಯಿತು.

ಆ ವೃಂದದಲ್ಲಿ ಅವರ ಬಳಿ ಡಾಕ್ಟರೇಟ್‌ಗಾಗಿ ಪ್ರಬಂಧ ಬರೆಯುತ್ತಿದ್ದವರು ರೂತ್ ಸ್ಟಾಫರ್. ೧೯೩೫ರ ಏಪ್ರಿಲ್‌ನಲ್ಲಿ ನೋಯ್ತರ್ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಗೆ ಸೇರಿದರು; ಚೇತರಿಸಿಕೊಳ್ಳುತ್ತಿರುವಂತೆ ತೋರಿ, ೧೪ರಂದು ಹಠಾತ್ತನೆ ತೀರಿಕೊಂಡರು. ಅವರಿಗೆ ಐವತ್ತಮೂರು ವರ್ಷ. ಶಿಷ್ಯೆಗೆ ಪದವಿ ಇನ್ನೂ ಬಂದಿರಲಿಲ್ಲ. ಗೊಟ್ಟಿಂಗೆನ್‌ನ ಶಿಷ್ಯರಿಗೆ ಗುರುವನ್ನು ಕಾನೂನು ಕಸಿದಿತ್ತು. ಈಕೆಗೆ ಮೃತ್ಯು ಕಸಿಯಿತು. ಆದರೆ ಪ್ರಶ್ನೆಯು ಕೈಯಲ್ಲಿತ್ತು, ಅದನ್ನು ಎದುರಿಸುವ ಬಗೆ ಅಭ್ಯಾಸವಾಗಿತ್ತು. ಅದೇ ವರ್ಷ ಸ್ಟಾಫರ್ ಪದವಿಯನ್ನು ಪಡೆದರು. ಪ್ರಬಂಧದ ಶೀರ್ಷಿಕೆಯ ಮೊದಲ ಪದವೇ ‘ರಚನೆ’ ಎಂಬುದು: ಸಾಮಾನ್ಯ ಆಧಾರವೊಂದು ಉಂಟೆಂದು ಸಾಧಿಸಿ ಬಿಡದೆ, ಅದನ್ನು ಕಟ್ಟಿ ತೋರಿಸುವ ಪ್ರಯತ್ನವದು. ನೋಯ್ತರ್ ಅವರ ಚಿತಾಭಸ್ಮವನ್ನು ಆ ಕಾಲೇಜಿನ ಗ್ರಂಥಾಲಯದ ಅಂಗಳವನ್ನು ಸುತ್ತುವರಿದ ಮೊಗಸಾಲೆಯ ನೆಲದಲ್ಲಿ ಇರಿಸಿದ್ದಾರೆ. ವಿದ್ಯಾರ್ಥಿನಿಯರು ಮಾತನಾಡುತ್ತ ನಡೆದಾಡುವ ದಾರಿಯದು.

ಗಣಿತಜ್ಞರು ತಮ್ಮ ಗುರುಪರಂಪರೆಯನ್ನು ದಾಖಲಿಸುವ ಒಂದು ವಂಶಾವಳಿಯನ್ನು ಅಮೆರಿಕದಲ್ಲಿ ನಿರ್ವಹಿಸುತ್ತಿದ್ದಾರೆ. ಯಾರಿಗೆ ಯಾರು ಮಾರ್ಗದರ್ಶಕರು, ಯಾವ ವರ್ಷ, ಯಾವ ವಿಶ್ವವಿದ್ಯಾನಿಲಯ, ಪ್ರಬಂಧದ ಹೆಸರೇನು ಎಂಬ ವಿವರಗಳೊಡನೆ ೩ ಲಕ್ಷಕ್ಕೂ ಅಧಿಕ ಮಂದಿಯ ಹೆಸರುಗಳು ಅದರಲ್ಲಿವೆ. ಗೋರ್ಡಾನ್ ಅವರ ಕೆಳಗೆ ನೋಯ್ತರ್, ನೋಯ್ತರ್ ಅವರ ಕೆಳಗೆ ಹೆರ್ಮಾನ್, ಸ್ಟಾಫರ್ ಮೊದಲಾದವರು. ಆದರೆ ಈ ಸಾಲನ್ನು ಓದಿ, ಒಬ್ಬರ ವಿದ್ಯೆ ಯಥಾವತ್ತಾಗಿ ಇನ್ನೊಬ್ಬರಿಗೆ ಇಳಿಯಿತೆಂದು ಭಾವಿಸಿದರೆ ತಪ್ಪಾದೀತು. ಗೋರ್ಡಾನ್ ಗಣಿಸಿದರು, ಅವರ ಶಿಷ್ಯೆ ಗಣನೆಯನ್ನು ತೊರೆದರು, ಆಕೆಯ ಶಿಷ್ಯೆಯರು ಬೇರೊಂದು ಎತ್ತರದಿಂದ ಗಣನೆಗೆ ಹಿಂದಿರುಗಿದರು. ಒಬ್ಬ ಗುರುವೂ ತನ್ನ ಉತ್ತರವನ್ನು ಒಪ್ಪಿಸಲಿಲ್ಲ, ಒಪ್ಪಿಸಲು ಅವರಲ್ಲಿ ಉತ್ತರವಿರಲೂ ಇಲ್ಲ. ಅವರು ಕೊಟ್ಟುದು ಒಂದು ಒಳ್ಳೆಯ ಪ್ರಶ್ನೆ, ಅದರೊಡನೆ ಹೆಣಗುವಾಗ ಜೊತೆಯಲ್ಲಿ ನಡೆಯುವ ಸಂಗ, ಶಿಷ್ಯರು ಬೇರೆ ದಾರಿ ಹಿಡಿದಾಗ ಅಡ್ಡ ನಿಲ್ಲದ ಮನಸ್ಸು.

ಇಂದಿಗೂ ಯಾವುದಾದರೊಂದು ಗಣಿತ ವಿಭಾಗದಲ್ಲಿ ತರುಣನೊಬ್ಬನು ಅಥವಾ ತರುಣಿಯೊಬ್ಬಳು ತಿಂಗಳುಗಟ್ಟಲೆ ಏನನ್ನೂ ಬರೆಯದೆ ಖಾಲಿ ಕಾಗದವನ್ನು ನೋಡುತ್ತ ಕುಳಿತಿರಬಹುದು. ವಿದ್ಯಾರ್ಥಿವೇತನ ಕೊಡುವವರಿಗೆ ಅದು ಹಣದ ಅಪವ್ಯಯವಾಗಿ, ತಾಯಿತಂದೆಗಳಿಗೆ ಕಾಲದ ಅಪವ್ಯಯವಾಗಿ ತೋರುವುದು ಸಹಜ. ಪ್ರತಿಯೊಬ್ಬರೂ ನೋಯ್ತರ್ ಆಗುವುದಿಲ್ಲ. ಕೆಲವರು ಪದವಿಯಿಲ್ಲದೆಯೇ ಹಿಂದಿರುಗುವುದೂ ಉಂಟು. ಆದರೂ ಬೋಧಿಸುವವರು ಶಾಲೆಯ ಮೆಟ್ಟಿಲಿನಿಂದಲೇ ಮಾಡಬಹುದಾದ ಒಂದು ಕಾರ್ಯವಿದೆ. ಉತ್ತರ ತಿಳಿಯದ ಪ್ರಶ್ನೆಯನ್ನು ಮಗುವೊಂದು ಕೇಳಿದಾಗ ಅದನ್ನು ಗದರಿಸಿ ಕೂರಿಸದೆ, ‘ಇದು ನನಗೂ ತಿಳಿಯದು, ಕೂಡಿ ನೋಡೋಣ’ ಎನ್ನುವುದು. ಹಾಗೆಂದ ಮಾತ್ರಕ್ಕೆ ಗುರುವಿನ ಗೌರವವೇನೂ ಕುಂದದು. ಮುಂದೊಂದು ದಿನ ಆ ಮಗು ದೂರದ ವಿಶ್ವವಿದ್ಯಾನಿಲಯದಲ್ಲಿ ತನ್ನ ಮಾರ್ಗದರ್ಶಕರಿಂದ ಅದೇ ಮಾತನ್ನು ಕೇಳಿದಾಗ, ಅದು ಹೊಸದೆಂದು ಬೆದರದೆ ಕುಳಿತು ಕಾಗದವನ್ನು ಎತ್ತಿಕೊಳ್ಳಬಲ್ಲದು.